ಹೊಟ್ಟಿಹುಣ್ಣಿನ ಪಥ್ಯಕ್ಕೂ ಒಂದು ಇತಿಹಾಸ ಐತಿ

ನಮ್ಮ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆ ಯಾರಿಗರೆ ಹೊಟ್ಟಿಹುಣ್ಣು ಅಂದ ಕೂಡಲೆ ಓಣಿಯ ಹೆಣ್ಮಕ್ಕಳೆಲ್ಲ ಒಂದೊಂದು ಪಥ್ಯ ಹೇಳತಾರ. ಹಾಲು ಕುಡೀರಿ, ಖಾರ ಬಿಡ್ರಿ, ಜ್ಯೇಷ್ಠಮಧು ಅಗೀರಿ ಅಂತ. ಈ ಮಾತು ಎಲ್ಲಿಂದ ಬಂದವು, ಇವುಗಳಾಗ ಉಳಿದದ್ದು ಯಾವುದು, ಬಿದ್ದದ್ದು ಯಾವುದು ಅನ್ನೂದನ್ನ ತಿಳಕೊಂಡಷ್ಟು ಬರದೀನಿ.

ಚರಕಸಂಹಿತೆಯಾಗ ಆಮ್ಲಪಿತ್ತಕ್ಕ ಬ್ಯಾರೆ ಅಧ್ಯಾಯ ಇಲ್ಲ. ಕಾಶ್ಯಪಸಂಹಿತೆ ಮತ್ತು ಮಾಧವನಿದಾನದಾಗ ಐತಿ. ಉಂಡದ್ದು ಕರಗೂ ಹೊತ್ತಿಗೆ ಬರೂ ನೋವಿಗೆ ಮಾಧವನಿದಾನ 'ಪರಿಣಾಮಶೂಲ' ಅಂತ ಹೆಸರಿಟ್ಟೈತಿ. ಮುಂದ ವೈದ್ಯರು ಹೇಳಿದ ಪಥ್ಯ ನಮ್ಮ ಅಡಗಿಮನ್ಯಾಗಿನದ: ಹಳೇ ಅಕ್ಕಿ, ಜವೆಗೋಧಿ, ಹೆಸರು, ಪಡವಲಕಾಯಿ, ಬೂದಗುಂಬಳ, ದಾಳಿಂಬರಿ. ಬ್ಯಾಡ ಅಂದದ್ದು ಹುಳಿ ಮೊಸರು, ಎಳ್ಳು, ಉದ್ದು, ಹುರಳಿ, ಅತಿ ಉಪ್ಪು-ಖಾರ. ಅವರ ಕಾಲದ ಖಾರ ಅಂದ್ರ ಕರಿಮೆಣಸು, ಹಿಪ್ಪಲಿ, ಶುಂಠಿ. ಮೆಣಸಿನಕಾಯಿ ಪೋರ್ತುಗೀಸರು ಬಂದ ಮ್ಯಾಲೆ ನಮ್ಮ ನಾಡಿಗೆ ಬಂತು.

ತಾಸಿಗೊಮ್ಮೆ ಹಾಲು ಕುಡಿಸೂ ಪದ್ಧತಿ ದವಾಖಾನಿಗಳಾಗ ಹಬ್ಬಿದ್ದು ಅಮೆರಿಕಾದಿಂದ. ಶಿಕಾಗೋದ ಡಾಕ್ಟರ್ ಸಿಪ್ಪಿ 1915ರಾಗ ಹಾಲು-ಕೆನಿಯ ಪಥ್ಯ ಬರದ್ರು, ಜಗತ್ತೆಲ್ಲ ಅದನ್ನ ಹಿಡೀತು. ಹಾಲು ಕುಡದಾಗ ಉರಿ ತಣ್ಣಗಾಗತೈತಿ ಖರೆ, ಆದ್ರ ಸ್ವಲ್ಪ ಹೊತ್ತಿನ ಮ್ಯಾಲೆ ಹೊಟ್ಟ್ಯಾಗ ಆಮ್ಲ ಹೆಚ್ಚಾಗತೈತಿ ಅಂತ ಆಮ್ಯಾಲೆ ಗೊತ್ತಾತು. ಜ್ಯೇಷ್ಠಮಧುವಿನ ಕಥಿನೂ ಹಂಗ. 1940ರ ದಶಕದಾಗ ನೆದರ್ಲ್ಯಾಂಡ್ಸ್‌ನ ಡಾಕ್ಟರ್ ರೆವರ್ಸ್ ಅದರಿಂದ ಹುಣ್ಣಿಗೆ ಆರಾಮ ಆಗೂದನ್ನ ಕಂಡ್ರು, ಕೆಲವರಿಗೆ ಮೈ ಬಾವು ಬರೂದನ್ನೂ ಕಂಡ್ರು. ಅದಕ್ಕ ಬಿಪಿ ಇದ್ದವರು ಕೇಳದ ಅಗಿಯಬಾರದು.

ದೊಡ್ಡ ತಿರುವು ಬಂದದ್ದು ಆಸ್ಟ್ರೇಲಿಯಾದಾಗ. ಪರ್ತ್ ಊರಿನ ವಾರೆನ್ ಮತ್ತು ಮಾರ್ಷಲ್, ಹುಣ್ಣಿಗೆ ಮೂಲ ಹೆಚ್ಚಾಗಿ ಹೆಲಿಕೋಬ್ಯಾಕ್ಟರ್ ಪೈಲೋರಿ ಅನ್ನೂ ಕ್ರಿಮಿ ಅಂತ ತೋರಿಸಿದ್ರು. 1984ರಾಗ ಮಾರ್ಷಲ್ ಆ ಕ್ರಿಮಿಯನ್ನ ತಾವ ಕುಡದು ಪರೀಕ್ಷೆ ಮಾಡಕೊಂಡ್ರು. 2005ರಾಗ ಇಬ್ಬರಿಗೂ ನೊಬೆಲ್ ಬಂತು. ಎರಡನೇ ದೊಡ್ಡ ಕಾರಣ ನೋವಿನ ಗುಳಿಗಿ. ನಮ್ಮಲ್ಲೆ ಮಗ್ಗದ ಕೆಲಸಕ್ಕ, ಕಬ್ಬಿನ ಹೊಲಕ್ಕ ಹೋಗೂ ಹೆಣ್ಮಕ್ಕಳು ಸೊಂಟನೋವು, ಮೊಣಕಾಲನೋವು ಅಂತ ಖಾಲಿ ಹೊಟ್ಟ್ಯಾಗ ಅದನ್ನ ನುಂಗೂದು ನೋಡಿದ್ರ ನನಗ ಎದಿ ಝಲ್ ಅಂತೈತಿ.

ಹಂಗಾರ ಊಟಕ್ಕ ಬೆಲಿ ಇಲ್ಲೇನು? ಐತಿ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರ್ಯಾಗ ವರ್ಷಗಟ್ಟಲೆ ಶಸ್ತ್ರಚಿಕಿತ್ಸಾ ಮಾಡಿದ ಡಾಕ್ಟರ್ ಫ್ರಾಂಕ್ ಟೋವಿ, 1979ರಾಗ ಭಾರತ ಮತ್ತು ಬಾಂಗ್ಲಾದೇಶದ ಹುಣ್ಣಿನ ಬಗ್ಗೆ ಬರದ್ರು. ಅನ್ನ ಉಣ್ಣೂ ಸೀಮ್ಯಾಗ ಹುಣ್ಣು ಹೆಚ್ಚು. ಪಾಲಿಶ್ ಮಾಡದ ಗೋಧಿ, ಕೆಲವು ಸಿರಿಧಾನ್ಯ, ಕಾಳು ಉಣ್ಣೂ ಕಡೆ ಕಡಿಮಿ ಅಂತ ಕಂಡಕೊಂಡ್ರು. ಹುರಳಿಯೊಳಗಿನ ಎಣ್ಣಿಯಂಶ ಇಲಿಗಳ ಹೊಟ್ಟಿ ಕಾಯೂದನ್ನೂ ಅವರ ತಂಡ ನೋಡಿತು. ವೈದ್ಯರು ಹುರಳಿ ಉಷ್ಣ ಅಂತಾರ, ಇವರು ಒಳ್ಳೇದು ಅಂತಾರ. ನನಗ ತಿಳದಷ್ಟು, ಉರಿ ಇದ್ದಾಗ ಹೆಸರಬ್ಯಾಳಿ, ಪೂರ್ತಿ ಆರಾಮ ಆದ ಮ್ಯಾಲೆ ಹುರಳಿ.

ಇಷ್ಟೆಲ್ಲಾ ತಿಳಕೊಂಡು ಉಳಿದದ್ದು ಇಷ್ಟ. ಕ್ರಿಮಿ ಐತೋ ಇಲ್ಲೋ ಪರೀಕ್ಷೆ ಮಾಡಸ್ರಿ. ಇದ್ರ ಡಾಕ್ಟರ್ ಕೊಟ್ಟ ಗುಳಿಗಿ ನಡುವ ಬಿಡಬ್ಯಾಡ್ರಿ. ಮಲ ಡಾಂಬರಿನಂಗ ಕರ್ರಗಾದ್ರ, ವಾಂತ್ಯಾಗ ರಕ್ತ ಬಂದ್ರ ಅವತ್ತ ದವಾಖಾನಿಗೆ ಹೋಗ್ರಿ. ಪಥ್ಯ ಅಂದ್ರ ಮೆತ್ತಗ ಕುದಿಸಿದ ಜ್ವಾಳದ ನುಚ್ಚು, ಹೆಸರಬ್ಯಾಳಿ ಕಟ್ಟು, ಪಡವಲಕಾಯಿ ಪಲ್ಯ, ಮ್ಯಾಲೆ ಚೂರು ತುಪ್ಪ. ಕೆಂಪು ಚಟ್ನಿ, ತಂಬಾಕು, ಹುಳಿ ಮಜ್ಜಿಗಿ ದೂರ ಇಡ್ರಿ. ಹುಣ್ಣು ಮಾಯೂ ತನಕ ಸೋಮವಾರ, ಏಕಾದಶಿಯ ಉಪವಾಸ ಬಿಟ್ರ ದೇವರು ಸಿಟ್ಟಾಗೂದಿಲ್ಲ.

ಇನ್ನೊಂದು ಮಾತು. ಗಂಡಸರು, ಹುಡುಗರು ಉಂಡು ಎದ್ದ ಮ್ಯಾಲೆ ಮೂರು ಗಂಟೇಕ ತಳದಾಗಿನ ಖಾರದ ಸಾರು, ತಣ್ಣನ ರೊಟ್ಟಿ ಉಣ್ಣೂ ಸೊಸಿಗೆ ಯಾವ ಪಥ್ಯನೂ ಹತ್ತೂದಿಲ್ಲ. ಆಕಿ ತಾಟು ಮೊದಲ ಬಡಸ್ರಿ.