ಕೃಷಿ ಮೂಲಸೌಕರ್ಯ ನಿಧಿ: ಹಳ್ಳಿಯ ಗೋದಾಮಿಗೆ ಖಾಸಗಿ ಬಂಡವಾಳ ಬರುವುದು ಹೇಗೆ?

ಬೆಳೆ ಕೈಗೆ ಬಂದ ಕೂಡಲೇ ಮಾರಲೇಬೇಕಾದ ರೈತ, ಮಾರುಕಟ್ಟೆ ಹೇಳಿದ ಬೆಲೆಗೆ ಒಪ್ಪಬೇಕಾಗುತ್ತದೆ. ಹತ್ತಿರದಲ್ಲೇ ಗೋದಾಮು ಅಥವಾ ಶೈತ್ಯಾಗಾರ ಇದ್ದರೆ ಆತ ಬೆಲೆ ಏರುವವರೆಗೆ ಕಾಯಬಹುದು. ಅವನ್ನು ಕಟ್ಟಲು ಖಾಸಗಿಯವರನ್ನು ಮುಂದೆ ತರುವ ಉದ್ದೇಶದಿಂದ ಕೇಂದ್ರ ಸರ್ಕಾರ 2020ರಲ್ಲಿ ಆರಂಭಿಸಿದ್ದೇ ಕೃಷಿ ಮೂಲಸೌಕರ್ಯ ನಿಧಿ.

ಖಾಸಗಿಯವರ ಹಿಂಜರಿಕೆ ಏಕೆ?

ಗೋದಾಮಿಗೆ ಹಣ ಮೊದಲೇ ಸುರಿಯಬೇಕು, ಆದಾಯ ಮಾತ್ರ ನಿಧಾನವಾಗಿ ಬರುತ್ತದೆ. ಮಳೆ ಕೈಕೊಟ್ಟ ವರ್ಷ ಗೋದಾಮು ಖಾಲಿ ಬೀಳಬಹುದು, ಆದರೆ ಬ್ಯಾಂಕಿನ ಕಂತು ನಿಲ್ಲುವುದಿಲ್ಲ. ಮೇಲಾಗಿ ಸಣ್ಣ ಉದ್ಯಮಿಗಳ ಬಳಿ ಅಡಮಾನಕ್ಕೆ ಸಾಕಷ್ಟು ಆಸ್ತಿ ಇರುವುದಿಲ್ಲ.

ಯೋಜನೆಯಲ್ಲಿ ಏನಿದೆ?

ಯೋಜನೆಯ ಗಾತ್ರ 1 ಲಕ್ಷ ಕೋಟಿ ರೂಪಾಯಿ. ಇದು ಸರ್ಕಾರ ಹಂಚುವ ಅನುದಾನವಲ್ಲ, ಬ್ಯಾಂಕುಗಳು ಕೊಡಬೇಕಾದ ಸಾಲದ ಗುರಿ. ಸರ್ಕಾರ ಕೊಡುವುದು ಮುಖ್ಯವಾಗಿ ಎರಡು ನೆರವು:

* 2 ಕೋಟಿ ರೂ.ವರೆಗಿನ ಸಾಲಕ್ಕೆ ಗರಿಷ್ಠ 7 ವರ್ಷ, ವಾರ್ಷಿಕ ಶೇ. 3ರಷ್ಟು ಬಡ್ಡಿ ರಿಯಾಯಿತಿ
* ಅಷ್ಟೇ ಮೊತ್ತದವರೆಗಿನ ಸಾಲಕ್ಕೆ ಖಾತರಿ. ಅರ್ಹ ಸಾಲಗಾರರ ಖಾತರಿ ಶುಲ್ಕವನ್ನು ಸರ್ಕಾರವೇ ಭರಿಸುತ್ತದೆ

ಉದಾಹರಣೆಗೆ 2 ಕೋಟಿ ರೂ. ಸಾಲ ವರ್ಷವಿಡೀ ಪೂರ್ತಿ ಬಾಕಿ ಇದ್ದರೆ, ಆ ವರ್ಷ 6 ಲಕ್ಷ ರೂ. ಬಡ್ಡಿ ಉಳಿಯುತ್ತದೆ. ಅಸಲು ತೀರಿದಂತೆ ಈ ಉಳಿತಾಯವೂ ಇಳಿಯುತ್ತದೆ.

ಯಾರು ಪಡೆಯಬಹುದು?

ರೈತರು, ರೈತ ಉತ್ಪಾದಕ ಸಂಸ್ಥೆಗಳು, ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳು, ಸ್ವಸಹಾಯ ಸಂಘಗಳು, ಕೃಷಿ ಉದ್ಯಮಿಗಳು ಹಾಗೂ ಸ್ಟಾರ್ಟ್‌ಅಪ್‌ಗಳು ಅರ್ಹರು. ಗೋದಾಮು, ಶೈತ್ಯಾಗಾರ, ವಿಂಗಡಣೆ ಘಟಕ, ಹಣ್ಣು ಮಾಗಿಸುವ ಕೊಠಡಿ, ಪ್ರಾಥಮಿಕ ಸಂಸ್ಕರಣಾ ಘಟಕ ಮುಂತಾದವುಗಳಿಗೆ ಸಾಲ ಸಿಗುತ್ತದೆ. 2024ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ ಯೋಜನೆಯ ವ್ಯಾಪ್ತಿಯನ್ನು ಮತ್ತಷ್ಟು ಹಿಗ್ಗಿಸಿತು.

ರೈತನಿಗೇನು ಲಾಭ?

ಗೋದಾಮು ಖಾಸಗಿಯವರದ್ದಾದರೂ ಅದು ಉಗ್ರಾಣ ಅಭಿವೃದ್ಧಿ ಮತ್ತು ನಿಯಂತ್ರಣ ಪ್ರಾಧಿಕಾರದಲ್ಲಿ ನೋಂದಣಿಯಾಗಿದ್ದರೆ, ಅಲ್ಲಿಟ್ಟ ಧಾನ್ಯಕ್ಕೆ ಎಲೆಕ್ಟ್ರಾನಿಕ್ ರಸೀದಿ ಸಿಗುತ್ತದೆ. ಅದನ್ನು ಒತ್ತೆಯಿಟ್ಟು ಬ್ಯಾಂಕ್ ಸಾಲ ಪಡೆಯಬಹುದು. ಮನೆಯ ತುರ್ತಿಗೆ ಹಣವೂ ಸಿಕ್ಕಿತು, ಬೆಳೆಯನ್ನು ಅಗ್ಗಕ್ಕೆ ಮಾರುವುದೂ ತಪ್ಪಿತು. ನೋಂದಣಿ ಇಲ್ಲದ ಗೋದಾಮಿನಲ್ಲಿ ಈ ಅನುಕೂಲ ಇರುವುದಿಲ್ಲ.

ಇವು ಗಮನದಲ್ಲಿರಲಿ

ಯೋಜನಾ ವೆಚ್ಚದ ಕನಿಷ್ಠ ಶೇ. 10ರಷ್ಟನ್ನು ಅರ್ಜಿದಾರರೇ ಹಾಕಬೇಕು. ಸಾಲ ವಿತರಣೆಗೆ 2025-26, ಬಡ್ಡಿ ರಿಯಾಯಿತಿಗೆ 2032-33 ಕೊನೆಯ ವರ್ಷವೆಂದು ನಿಗದಿಯಾಗಿತ್ತು. ಹಾಗಾಗಿ ಸದ್ಯದ ಗಡುವನ್ನು ಬ್ಯಾಂಕಿನಲ್ಲಿ ಕೇಳಿ ಖಚಿತಪಡಿಸಿಕೊಳ್ಳಿ.

ಬಡ್ಡಿ ರಿಯಾಯಿತಿ ಸಾಲದ ಹೊರೆ ತಗ್ಗಿಸುತ್ತದೆಯೇ ಹೊರತು ಗೋದಾಮು ತುಂಬಿಸುವುದಿಲ್ಲ. ಸುತ್ತಲಿನ ಊರುಗಳಲ್ಲಿ ಯಾವ ಬೆಳೆ, ವರ್ಷಕ್ಕೆ ಎಷ್ಟು ತಿಂಗಳು ದಾಸ್ತಾನಿಗೆ ಬರುತ್ತದೆ, ರೈತರು ಎಷ್ಟು ಬಾಡಿಗೆ ಕೊಡಬಲ್ಲರು ಎಂಬ ಲೆಕ್ಕ ಕೂಡಿಬಂದ ಮೇಲೆಯೇ ಸಾಲಕ್ಕೆ ಕೈಹಾಕುವುದು ಕ್ಷೇಮ.