ಪೋರ್ಚುಗಲ್ಲಿನ ಗಾಲ್ಫ್ ಮೈದಾನಗಳು: ಒಂದು ಪ್ರಾದೇಶಿಕ ಸಮೀಕ್ಷೆ

ಆಟದ ಮೈದಾನಗಳನ್ನು ಇತಿಹಾಸದ ಆಧಾರಗಳೆಂದು ಸಾಮಾನ್ಯವಾಗಿ ಯಾರೂ ಎಣಿಸುವುದಿಲ್ಲ. ಆದರೆ ಪೋರ್ಚುಗಲ್ಲಿನ ಗಾಲ್ಫ್ ಮೈದಾನಗಳು ಎಲ್ಲಿ, ಯಾವಾಗ, ಯಾರಿಗಾಗಿ ಸ್ಥಾಪಿತವಾದುವೆಂಬುದನ್ನು ಪರಿಶೀಲಿಸಿದರೆ ಆ ದೇಶದ ಆರ್ಥಿಕ ಚರಿತ್ರೆಯ ಮುಖ್ಯ ಘಟ್ಟಗಳು ನಮಗೆ ಗೋಚರಿಸುತ್ತವೆ.

ಮೊದಲು ಉತ್ತರ ಭಾಗವನ್ನು ನೋಡೋಣ. 1703ರ ಮೆಥ್ಯುಯೆನ್ ಒಪ್ಪಂದದಿಂದ ಪೋರ್ಚುಗಲ್ಲಿನ ದ್ರಾಕ್ಷಾಮದ್ಯಕ್ಕೆ ಇಂಗ್ಲೆಂಡಿನಲ್ಲಿ ಫ್ರೆಂಚ್ ಮದ್ಯಕ್ಕಿಂತ ಕಡಮೆ ಸುಂಕ ನಿಗದಿಯಾಯಿತು. ಪೋರ್ಟೊ ನಗರದಲ್ಲಿದ್ದ ಬ್ರಿಟಿಷ್ ವರ್ತಕರ ನೆಲೆ ಇದರಿಂದ ಬಲಗೊಂಡಿತು. ಆ ವರ್ತಕ ಸಮಾಜದವರೇ 1890ರಲ್ಲಿ ನಗರದ ದಕ್ಷಿಣಕ್ಕಿರುವ ಎಸ್ಪಿನ್ಯೊ ಎಂಬ ಕಡಲತೀರದ ಊರಿನಲ್ಲಿ ದೇಶದ ಮೊದಲ ಗಾಲ್ಫ್ ಸಂಘವನ್ನು ಸ್ಥಾಪಿಸಿದರು. ಅದು ಪ್ರವಾಸಿಗಳಿಗಾಗಿ ಹುಟ್ಟಿದ್ದಲ್ಲ. ವ್ಯಾಪಾರಕ್ಕೆ ಬಂದು ನೆಲಸಿದವರು ತಮಗಾಗಿ ಮಾಡಿಕೊಂಡದ್ದು.

ಎರಡನೆಯ ಘಟ್ಟ 1930ರ ದಶಕದ್ದು. ಸ್ಕಾಟ್ಲೆಂಡಿನ ಮೆಕೆನ್ಜಿ ರಾಸ್ ಎಂಬ ವಿನ್ಯಾಸಕಾರನು ಉತ್ತರದ ವಿಡಾಗೊ, ಲಿಸ್ಬನ್ ಬಳಿಯ ಎಸ್ಟೊರಿಲ್, ಅಜೋರ್ಸ್ ದ್ವೀಪಗಳ ಫುರ್ನಾಸ್ ಇವುಗಳಲ್ಲಿ ಮೈದಾನಗಳನ್ನು ರೂಪಿಸಿದನು. ಈ ಮೂರೂ ಖನಿಜ ಜಲಕ್ಕೋ ಬಿಸಿನೀರಿನ ಬುಗ್ಗೆಗಳಿಗೋ ಹೆಸರಾದ ಸ್ಥಳಗಳೆಂಬುದು ಗಮನಾರ್ಹ. ಆರೋಗ್ಯಕ್ಕಾಗಿ, ವಿಶ್ರಾಂತಿಗಾಗಿ ಬರುವ ಸಿರಿವಂತರ ಕಾಲಕ್ಷೇಪಕ್ಕೆ ಗಾಲ್ಫ್ ಇಲ್ಲಿ ಒದಗಿತು.

ಮೂರನೆಯ ಘಟ್ಟ ದಕ್ಷಿಣದ ಅಲ್ಗಾರ್ವೆ ಪ್ರಾಂತದಲ್ಲಿ ಆರಂಭವಾಯಿತು. 1965ರಲ್ಲಿ ಫಾರೊ ವಿಮಾನ ನಿಲ್ದಾಣ ತೆರೆಯಿತು. ಮರುವರ್ಷವೇ ಹೆನ್ರಿ ಕಾಟನ್ ಎಂಬ ಪ್ರಸಿದ್ಧ ಇಂಗ್ಲಿಷ್ ಆಟಗಾರನು ರೂಪಿಸಿದ ಪೆನಿನ ಮೈದಾನ ಸಿದ್ಧವಾಯಿತು. 1969ರಲ್ಲಿ ವಿಲಮೌರ ಹಿಂಬಾಲಿಸಿತು. ಉತ್ತರ ಯೂರೋಪಿನ ಚಳಿಗಾಲದಿಂದ ತಪ್ಪಿಸಿಕೊಳ್ಳಬಯಸಿದ ಮಧ್ಯಮ ವರ್ಗದವರನ್ನು ವಿಮಾನವು ಇಲ್ಲಿಗೆ ತಂದಿತು.

ವಿಶಾಲವಾದ ಭೂಮಿಯಿರುವೆಡೆ ಮೈದಾನಗಳು ಸಹಜವಾಗಿ ಹೆಚ್ಚುತ್ತವೆಂದು ಯಾರಾದರೂ ವಾದಿಸಬಹುದು. ಹಾಗಿದ್ದಲ್ಲಿ ದೇಶದ ಸುಮಾರು ಮೂರನೆಯ ಒಂದು ಭಾಗವನ್ನು ಆವರಿಸಿ, ದೊಡ್ಡ ಜಮೀನುಗಳಿಗೆ ಹೆಸರಾದ ಅಲೆಂಟೆಜೊ ಪ್ರಾಂತವೇ ಮುಂದಿರಬೇಕಿತ್ತು. ಅಲ್ಲಿನ ಟ್ರೋಯಾ ಮೈದಾನ ಸಿದ್ಧವಾದುದು 1980ರಲ್ಲಿ; ಅದೂ ಒಳನಾಡಿನಲ್ಲಲ್ಲ, ಲಿಸ್ಬನ್ನಿಗೆ ಸಮೀಪದ ಕರಾವಳಿಯಲ್ಲಿ. ಆದಕಾರಣ ಮೈದಾನದ ನೆಲೆಯನ್ನು ನಿರ್ಧರಿಸಿದ್ದು ಭೂಮಿಯ ವಿಸ್ತಾರವಲ್ಲ; ಹೊರಗಿನವರು ಬಂದಿಳಿದ ದಾರಿ ಎಂಬುದು ನಮ್ಮ ಅಭಿಪ್ರಾಯ.

ಇದರ ಬೆಲೆಯನ್ನು ತೆತ್ತವರಾರು ಎಂಬ ಪ್ರಶ್ನೆಯೂ ಇತಿಹಾಸಕ್ಕೆ ಸೇರಿದ್ದೇ. ಪೆನಿನ ಮೈದಾನವಿರುವ ನೆಲ ಹಿಂದೆ ಬತ್ತದ ಗದ್ದೆಯಾಗಿತ್ತು. ಅದರ ಜೌಗನ್ನು ಹೀರಿಸಲು ಕಾಟನ್ ಸಹಸ್ರಾರು ಮರಗಳನ್ನು ನೆಡಿಸಬೇಕಾಯಿತು. ಅಂದು ನೀರು ಹೆಚ್ಚಾಗಿ ತೊಡಕಾಗಿದ್ದ ಅದೇ ಪ್ರಾಂತದಲ್ಲಿ ಇಂದು ನೀರಿನ ಅಭಾವವೇ ದೊಡ್ಡ ಸಮಸ್ಯೆ. 2024ರ ಆರಂಭದ ಬರಗಾಲದಲ್ಲಿ ಸರಕಾರವು ಅಲ್ಗಾರ್ವೆಯ ಕೃಷಿಗೆ ನೂರಕ್ಕೆ 25ರಷ್ಟೂ, ಪ್ರವಾಸೋದ್ಯಮವೂ ಸೇರಿದ ನಗರ ಬಳಕೆಗೆ ನೂರಕ್ಕೆ 15ರಷ್ಟೂ ನೀರಿನ ಕಡಿತವನ್ನು ಪ್ರಕಟಿಸಿತು. ಕೆಲವು ಮೈದಾನಗಳು ಶುದ್ಧೀಕರಿಸಿದ ಕೊಳಚೆ ನೀರನ್ನು ಬಳಸುತ್ತಿರುವುದು ನಿಜ. ಆದರೂ ಕಿತ್ತಳೆ ತೋಟದ ರೈತನಿಗೆ ಹೆಚ್ಚು, ಅತಿಥಿಗೆ ಕಡಮೆ ಎಂದು ಹಂಚಿದ ಆ ಕಡಿತದಲ್ಲಿ ಪ್ರಾಂತದ ಆರ್ಥಿಕ ಜೀವನ ಯಾವ ಕಡೆಗೆ ವಾಲಿದೆಯೆಂಬುದು ಸ್ಪಷ್ಟವಾಗಿ ಕಾಣುತ್ತದೆ.