ತಂಬಾಕಿನ ಪೊಟ್ಟಣದಲ್ಲಿ ಪಾಠಾಂತರ: ಟಿ206 ಚಿತ್ರಕಾರ್ಡುಗಳ ಅಚ್ಚಿನ ಭೇದಗಳು

 

ಹಳಗನ್ನಡ ಕಾವ್ಯ ಸಂಪಾದಿಸುವವರು ಓಲೆಪ್ರತಿಗಳನ್ನು ಹೋಲಿಸಿ ಪಾಠಾಂತರ ಗುರುತಿಸೋದು ನಮಗೆಲ್ಲ ಗೊತ್ತು. ಲಿಪಿಕಾರನ ತಪ್ಪು ಅವರಿಗೆ ಬರೀ ತಪ್ಪಲ್ಲ. ಯಾವ ಪ್ರತಿ ಮೊದಲು, ಯಾವುದು ಆಮೇಲೆ ಅನ್ನೋದಕ್ಕೆ ಅದೊಂದು ಸುಳಿವು. ಆದರೆ ಅಚ್ಚಾದ ವಸ್ತುವಿನಲ್ಲಿ ಪ್ರತಿಗಳೆಲ್ಲ ಒಂದೇ ತರಹ ಅಲ್ವಾ ಅಂತ ಕೇಳಬಹುದು. ಹಾಗಲ್ಲ ಎಂದು ತೋರಿಸಲು ಅಮೆರಿಕದ ಒಂದು ಉದಾಹರಣೆ ತಗೊಂಡಿದ್ದೀನಿ.

1909ರಿಂದ 1911ರವರೆಗೆ ಅಮೆರಿಕನ್ ಟೊಬ್ಯಾಕೊ ಕಂಪನಿ ತನ್ನ ಸಿಗರೇಟು, ತಂಬಾಕಿನ ಪೊಟ್ಟಣಗಳಲ್ಲಿ ಬೇಸ್‌ಬಾಲ್ ಆಟಗಾರರ ಪುಟ್ಟ ಬಣ್ಣದ ಕಾರ್ಡು ಇಟ್ಟು ಮಾರಿತು. ಮುಂದೆ ಶಿಲಾಮುದ್ರಣದ ಚಿತ್ರ, ಅದರ ಕೆಳಗೆ ಆಟಗಾರನ ಹೆಸರು ಮತ್ತು ತಂಡದ ಊರು. ಹಿಂದೆ ತಂಬಾಕಿನ ಜಾಹೀರಾತು. ಮುಖಗಳು 520ಕ್ಕೂ ಹೆಚ್ಚು, ಬೆನ್ನಿನ ಬ್ರ್ಯಾಂಡುಗಳು 16. ಇವುಗಳಿಗೆ ಟಿ206 ಎಂಬ ಹೆಸರು ಕಂಪನಿ ಕೊಟ್ಟದ್ದಲ್ಲ. ಸಂಗ್ರಾಹಕ ಜೆಫರ್ಸನ್ ಬರ್ಡಿಕ್ ಆಮೇಲೆ ತಮ್ಮ ಪಟ್ಟಿಯಲ್ಲಿ ಕೊಟ್ಟ ಸಂಖ್ಯೆ ಅದು.

ಕಾರ್ಡಿನ ಮೇಲೆ ಇಸವಿ ಇಲ್ಲ. ಹಂಗಂದ್ರೆ ಕಾಲ ತಿಳಿಯೋದು ಹೇಗೆ? ಬೆನ್ನು ನೋಡ್ರಿ. ಪೀಡ್‌ಮಾಂಟ್, ಸ್ವೀಟ್ ಕ್ಯಾಪೊರಲ್ ಬ್ರ್ಯಾಂಡುಗಳ ಕಾರ್ಡಿನ ಹಿಂದೆ ಮೊದಲು '150 ಚಿತ್ರಗಳು' ಅಂತ ಇತ್ತು. ಸರಣಿ ಬೆಳೆದ ಹಾಗೆ ಅದು 350, ಆಮೇಲೆ 350-460 ಆಯಿತು. ಈ ಸಂಖ್ಯೆಯೇ ನಮಗೆ ಗಡಿಯಾರ. ಇದನ್ನು ಕೈಯಲ್ಲಿಟ್ಟುಕೊಂಡರೆ ಮುಖದ ಮೇಲಿನ ಭೇದಗಳು ಮಾತಾಡಲು ಶುರುಮಾಡುತ್ತವೆ. ಅವನ್ನು ನಾನು ಮೂರು ಬಗೆ ಮಾಡ್ತೀನಿ.

ಮೊದಲನೆಯದು, ತಪ್ಪು ಮತ್ತು ತಿದ್ದುಪಡಿ. ಫಿಲಡೆಲ್ಫಿಯಾದ ಶೆರ್ರಿ ಮ್ಯಾಗೀ ಹೆಸರು ಇಂಗ್ಲಿಷಿನಲ್ಲಿ ಎರಡು 'ಇ' ಅಕ್ಷರದಿಂದ ಮುಗಿಯಬೇಕು. 'ಐ-ಇ' ಎಂದು ಅಚ್ಚಾಯಿತು. ಈ ತಪ್ಪು ಕಾಣೋದು ಪೀಡ್‌ಮಾಂಟ್ 150ರ ಬೆನ್ನಿನಲ್ಲಿ ಮಾತ್ರ. ಅಂದರೆ ಅಚ್ಚುಕೂಟದವರು ಅದನ್ನು ಬೇಗನೆ ಕಂಡು ಸರಿಮಾಡಿದರು. ಜೋ ಡಾಯ್ಲ್‌ನ ಕಥೆ ಬೇರೆ. ಈತ ಅಮೆರಿಕನ್ ಲೀಗಿನ ನ್ಯೂಯಾರ್ಕ್ ತಂಡದವ. ಅದೇ ಊರಿನ ನ್ಯಾಷನಲ್ ಲೀಗ್ ತಂಡದಲ್ಲಿ ಲ್ಯಾರಿ ಡಾಯ್ಲ್ ಎಂಬ ಇನ್ನೊಬ್ಬನಿದ್ದ. ಇಬ್ಬರ ನಡುವೆ ಗೊಂದಲವಾಗಿ ಜೋ ಚಿತ್ರದ ಕೆಳಗೆ 'ನ್ಯಾಷನಲ್' ಎಂಬುದರ ಸಂಕ್ಷೇಪ ಬಿತ್ತು. ಇದು ಪೀಡ್‌ಮಾಂಟ್ 350ರಲ್ಲಿ ಮಾತ್ರ ಸಿಗುತ್ತದೆ, ಅದೂ ಬೆರಳೆಣಿಕೆಯಷ್ಟು. ತಿದ್ದುವಾಗ 'ಅಮೆರಿಕನ್' ಅಂತ ಸೇರಿಸಲಿಲ್ಲ, ಇದ್ದದ್ದನ್ನು ಅಳಿಸಿದರು ಅಷ್ಟೇ. ಹೊಸದಾಗಿ ಅಕ್ಷರ ಕೂಡಿಸೋದಕ್ಕಿಂತ ಅಳಿಸೋದು ಸುಲಭವಾಗಿತ್ತು ಅನ್ನೋದು ನನ್ನ ಊಹೆ.

ಎರಡನೆಯದು, ಸುದ್ದಿಯ ಬದಲಾವಣೆ. ರೇ ಡೆಮಿಟ್ ಮತ್ತು ಬಿಲ್ ಒ'ಹಾರಾ 1909ರಲ್ಲಿ ನ್ಯೂಯಾರ್ಕ್‌ನಲ್ಲಿ ಆಡಿ, 1910ಕ್ಕೆ ಸೇಂಟ್ ಲೂಯಿಸ್‌ಗೆ ಹೋದರು. ಸೇಂಟ್ ಲೂಯಿಸ್ ಅಂತಿರುವ ಇವರ ಕಾರ್ಡುಗಳು ಪೋಲಾರ್ ಬೇರ್ ಎಂಬ ತಂಬಾಕಿನ ಬೆನ್ನಿನಲ್ಲಿ ಮಾತ್ರ ಇವೆ. ಇಲ್ಲಿ ಯಾರ ತಪ್ಪೂ ಇಲ್ಲ. ಎರಡು ಪಾಠವೂ ಆಯಾ ಕಾಲಕ್ಕೆ ಸರಿ.

ಮೂರನೆಯದು, ಶಾಯಿಯ ಕೊರತೆ. ಸ್ನಾಡ್‌ಗ್ರಾಸ್‌ನ ಕೆಲವು ಕಾರ್ಡುಗಳಲ್ಲಿ ಹೆಸರಿನ ಮೊದಲ ಅಕ್ಷರವೇ ಮೂಡಿಲ್ಲ. ಇದನ್ನೂ ಬೇರೆ ಪಾಠ ಅಂತ ಎಣಿಸಿದರೆ ಮೋಸ ಹೋಗ್ತೀವಿ. ಯಾರೂ ಬರೆದದ್ದಲ್ಲ, ಯಾರೂ ತಿದ್ದಿದ್ದಲ್ಲ. ಅಕ್ಷರ ಮೂಡಲಿಲ್ಲ, ಅಷ್ಟೇ.

ಮಾರುಕಟ್ಟೆ ಈ ಮೂರನ್ನೂ 'ಅಪರೂಪ' ಎಂಬ ಒಂದೇ ತಕ್ಕಡಿಯಲ್ಲಿ ತೂಗುತ್ತದೆ. ಈ ಸರಣಿಯ ಹೋನಸ್ ವ್ಯಾಗ್ನರ್ ಕಾರ್ಡೊಂದು 2022ರಲ್ಲಿ 72.5 ಲಕ್ಷ ಡಾಲರಿಗೆ ಮಾರಾಟವಾಯಿತು. ಅದೇ ವ್ಯಾಗ್ನರ್‌ನ ಇನ್ನೊಂದು ಹೆಸರಾಂತ ಕಾರ್ಡಿನ ಅಂಚನ್ನು ತಾನೇ ಕತ್ತರಿಸಿದ್ದಾಗಿ ವ್ಯಾಪಾರಿಯೊಬ್ಬ 2013ರಲ್ಲಿ ಒಪ್ಪಿಕೊಂಡ. ನನಗೆ ನೋವಾಗೋದು ಇಲ್ಲಿ. ಹಾಳೆಯನ್ನು ಕಾರ್ಡುಗಳಾಗಿ ಹೇಗೆ ಕತ್ತರಿಸಿದರು ಅನ್ನೋದಕ್ಕೆ ಅಂಚೇ ಸಾಕ್ಷಿ. ಅಂದ ಹೆಚ್ಚಿಸಲು ಹೋಗಿ ದಾಖಲೆಯನ್ನೇ ಕತ್ತರಿಸಿದ ಹಾಗಾಯ್ತು. ಆ ಅಚ್ಚುಕೂಟದಲ್ಲಿ ದುಡಿದವರ ಹೆಸರು ಕಾರ್ಡಿನ ಮೇಲೆ ಎಲ್ಲೂ ಇಲ್ಲ. ಅವರ ಕೈಗುರುತು ಉಳಿದಿರೋದು ಇಂಥ ತಪ್ಪುಗಳಲ್ಲಿ, ತಿದ್ದುಪಡಿಗಳಲ್ಲಿ.

ಬರ್ಡಿಕ್ ತಮ್ಮ ಸಂಗ್ರಹವನ್ನೆಲ್ಲ ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂಗೆ ಕೊಟ್ಟರು. 1963ರಲ್ಲಿ ತೀರಿಕೊಳ್ಳುವ ತುಸು ಮುಂಚಿನವರೆಗೂ ತಾವೇ ಕೂತು ಆಲ್ಬಮ್‌ಗಳಿಗೆ ಅಂಟಿಸಿದರು. ಆ ಶ್ರದ್ಧೆ ದೊಡ್ಡದು. ಆದರೆ ಅಂಟಿಸಿದರೆ ಬೆನ್ನು ಮುಚ್ಚಿಹೋಗುತ್ತದೆ, ನಮ್ಮ ಗಡಿಯಾರ ಇರೋದೇ ಅಲ್ಲಿ.

ಕೊನೆಗೆ ನಮ್ಮ ಕಡೆಗೆ ಒಂದು ಮಾತು. ಸೊಲ್ಲಾಪುರ ಜವಳಿಯ ಊರು, ಬೀಡಿಯ ಊರು. ಹಳೇ ಟ್ರಂಕಿನಲ್ಲಿ ಬೀಡಿ ಕಟ್ಟಿನ ಲೇಬಲ್ಲೋ, ಬಟ್ಟೆಯ ಮೇಲಿನ ಚೀಟಿಯೋ ಸಿಕ್ಕರೆ ಒಂದು ಸಾಕು ಅಂತ ಉಳಿದದ್ದನ್ನು ಎಸೀಬ್ಯಾಡ್ರಿ, ಅಂಟಿಸಲೂಬ್ಯಾಡ್ರಿ. ಎರಡನ್ನು ಪಕ್ಕಪಕ್ಕ ಇಟ್ಟು, ಹಿಂದೆ ಮುಂದೆ ತಿರುಗಿಸಿ ನೋಡ್ರಿ. ಎರಡರ ಫೋಟೊನೂ ತೆಗೆದಿಡ್ರಿ.